ಗಾಲಿಗಳ ಮೇಲಿನ ಮನೆ ಮತ್ತು ದಾರಿಯಲ್ಲಿ ಅದರ ರಿಪೇರಿ

ಬೆನ್ನ ಮೇಲೆ ಮನೆಯನ್ನು ಹೊತ್ತು ಸಂಚರಿಸುವ ಪ್ರಾಣಿಯೆಂದರೆ ಬಸವನಹುಳು. ಮನುಷ್ಯನೂ ಮೋಟಾರಿನ ಬೆನ್ನ ಮೇಲೆ ಮನೆಯನ್ನು ಕಟ್ಟಿ ಅದನ್ನು ಅನುಕರಿಸಿದ್ದಾನೆ. ಮೋಟಾರು-ಮನೆಯೆಂದು ನಾವು ಕರೆಯಬಹುದಾದ ಈ ವಾಹನದೊಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ದೀಪ ಎಲ್ಲವೂ ಉಂಟು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯು ೧೯೫೦ರಲ್ಲಿ ತಯಾರಿಸತೊಡಗಿದ ವ್ಯಾನನ್ನು ವೆಸ್ಟ್‌ಫಾಲಿಯಾ ಸಂಸ್ಥೆಯವರು ಮರುವರ್ಷವೇ ವಾಸಕ್ಕೆ ಒಪ್ಪುವಂತೆ ಮಾರ್ಪಡಿಸಿದರು. ಅಮೆರಿಕದ ಐಯೊವಾ ಸಂಸ್ಥಾನದ ವಿನ್ನೆಬೇಗೋ ಕಂಪನಿಯ ಮೊದಲ ಮೋಟಾರು-ಮನೆ ೧೯೬೬ರಲ್ಲಿ ಹೊರಬಂದಿತು.

ಸಾಮಾನ್ಯ ಕಾರು ಕೆಟ್ಟರೆ ಪ್ರಯಾಣವೊಂದೇ ನಿಲ್ಲುವುದು. ಮೋಟಾರು-ಮನೆ ಕೆಟ್ಟರೆ ಪ್ರಯಾಣದೊಡನೆ ಊಟ, ನಿದ್ರೆ, ನೆರಳುಗಳೂ ದಾರಿಯ ಪಕ್ಕದಲ್ಲಿ ನಿಂತುಹೋಗುತ್ತವೆ. ಆದುದರಿಂದಲೇ ಅದರ ಒಡೆಯನು ಅವಸರಪಟ್ಟು ತಾನೇ ರಿಪೇರಿಗೆ ಕೈಹಾಕುವುದುಂಟು, ಅಪಾಯವಿರುವುದೂ ಅಲ್ಲಿಯೇ. ಯಾವುದನ್ನು ನಾವೇ ಸರಿಪಡಿಸಬಹುದು, ಯಾವುದನ್ನು ಮುಟ್ಟಕೂಡದು ಎಂಬ ವಿವೇಚನೆಗೆ ಸ್ವಲ್ಪಮಟ್ಟಿನ ಭೌತಶಾಸ್ತ್ರವು ಬೇಕು. ದಾರಿಯಲ್ಲಿ ತಲೆದೋರುವ ತೊಂದರೆಗಳಲ್ಲಿ ಬಹುಪಾಲಿನ ಬೇರು ಒಂದೇ: ಎಲ್ಲಿಯೋ ಹುಟ್ಟಿದ ಶಾಖವು ಹೊರಹೋಗಲಾರದೆ ಉಳಿದಿರುವುದು. ಎಂಜಿನ್, ಬ್ರೇಕು, ಟೈರು, ತಂತಿ ಈ ನಾಲ್ಕರಲ್ಲಿಯೂ ಇದೇ ಕಥೆಯನ್ನು ನಾವು ಕಾಣುವೆವು.

ತೂಕವೇ ಮೊದಲ ಕಾರಣ

ಯುರೋಪಿನಲ್ಲಿ ಅನೇಕ ಮೋಟಾರು-ಮನೆಗಳನ್ನು ೩೫೦೦ ಕಿಲೋಗ್ರಾಂ ಗರಿಷ್ಠ ತೂಕಕ್ಕೆ ನಿರ್ಮಿಸಿರುತ್ತಾರೆ. ಇದರಲ್ಲಿ ಬಹುಭಾಗವನ್ನು ವಾಹನವೇ ನುಂಗುತ್ತದೆ. ನೂರು ಲೀಟರಿನ ತೊಟ್ಟಿಯನ್ನು ತುಂಬಿದರೆ ನೂರು ಕಿಲೋಗ್ರಾಂ ಸೇರಿತು. ಗ್ಯಾಸಿನ ಸಿಲಿಂಡರು, ಸೈಕಲ್ಲು, ಪಾತ್ರೆಪದಾರ್ಥ, ನಾಲ್ವರು ಪ್ರಯಾಣಿಕರು ಸೇರಿದಾಗ ಮಿತಿಯು ನಮಗೆ ಅರಿವಿಲ್ಲದೆಯೇ ದಾಟಿರುತ್ತದೆ. ತೂಕವು ಹೆಚ್ಚಿದಷ್ಟೂ ಏರಿನಲ್ಲಿ ಎಂಜಿನ್ನಿನ ದುಡಿಮೆಯೂ ಇಳಿಜಾರಿನಲ್ಲಿ ಬ್ರೇಕಿನ ದುಡಿಮೆಯೂ ಹೆಚ್ಚುವುವು. ಆದುದರಿಂದ ಹೊರಡುವ ಮೊದಲು ಸಾಮಾನು ತುಂಬಿದ ವಾಹನವನ್ನು ತೂಕದ ಸೇತುವೆಯ ಮೇಲೆ ನಿಲ್ಲಿಸಿ ನೋಡುವುದೇ ಮೊದಲ ರಿಪೇರಿ ಎಂದು ತಿಳಿಯತಕ್ಕದ್ದು.

ಎಂಜಿನ್ ಕುದಿದಾಗ

ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸವಾಗಿ ಮಾರ್ಪಡುತ್ತದೆ. ಮಿಕ್ಕುದು ಶಾಖವಾಗಿ ಹೊಗೆಕೊಳವೆಯ ಮೂಲಕವೂ ರೇಡಿಯೇಟರಿನ ಮೂಲಕವೂ ಹೊರಬೀಳಬೇಕು. ಉದ್ದನೆಯ ಏರುದಾರಿಯಲ್ಲಿ ಎಂಜಿನ್ ಪೂರ್ಣ ದುಡಿಯುತ್ತಿರುತ್ತದೆ. ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ತಗಲುವ ಗಾಳಿಯೂ ಕಡಿಮೆ. ಶಾಖಮಾಪಕದ ಮುಳ್ಳು ಮೇಲೇರುವುದು ಇಂತಹ ಎಡೆಯಲ್ಲಿಯೇ.

ಮುಳ್ಳು ಕೆಂಪುಗೆರೆಯನ್ನು ಮುಟ್ಟುವ ಮೊದಲೇ ಹವಾನಿಯಂತ್ರಕವನ್ನು ನಿಲ್ಲಿಸಿ, ಒಳಗಿನ ಹೀಟರನ್ನು ಪೂರ್ಣ ತೆರೆಯಬೇಕು. ಸೆಕೆಯಲ್ಲಿ ಹೀಟರೇ ಎಂದು ವಾಚಕರು ನಗಬಾರದು. ಹೀಟರೆಂಬುದು ಅದೇ ಬಿಸಿನೀರು ಹರಿಯುವ ಮತ್ತೊಂದು ಚಿಕ್ಕ ರೇಡಿಯೇಟರು. ಎಂಜಿನ್ನಿನ ಶಾಖದಲ್ಲಿ ಒಂದು ಪಾಲನ್ನು ಅದು ಹೊರಗೆಡಹುತ್ತದೆ. ಅಷ್ಟರಿಂದಲೂ ಮುಳ್ಳು ಇಳಿಯದಿದ್ದರೆ ಸುರಕ್ಷಿತವಾದ ಕಡೆ ವಾಹನವನ್ನು ನಿಲ್ಲಿಸಿ ಎಂಜಿನ್ನನ್ನು ಆರಿಸತಕ್ಕದ್ದು.

ಆ ಕ್ಷಣದಲ್ಲಿ ರೇಡಿಯೇಟರಿನ ಮುಚ್ಚಳವನ್ನು ತೆರೆಯಲು ಕೈ ತವಕಿಸುತ್ತದೆ. ತೆರೆದರೆ ಏನಾಗುವುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒತ್ತಡದಲ್ಲಿರುವ ನೀರು ೧೦೦ ಡಿಗ್ರಿಗಿಂತ ಮೇಲೆ ಹೋದರೂ ಕುದಿಯದು. ಒಳಗಿನ ನೀರು ೧೨೦ ಡಿಗ್ರಿ ಸೆಲ್ಸಿಯಸ್‌ನಲ್ಲಿದೆಯೆಂದು ಇಟ್ಟುಕೊಳ್ಳೋಣ. ಮುಚ್ಚಳ ತೆರೆದೊಡನೆ ಒತ್ತಡವು ಬಿದ್ದು, ೧೦೦ ಡಿಗ್ರಿಗೆ ಮೇಲ್ಪಟ್ಟ ಶಾಖವೆಲ್ಲ ನೀರನ್ನು ಹಬೆಯಾಗಿಸಲು ತೊಡಗುವುದು. ಒಂದು ಕಿಲೋಗ್ರಾಂ ನೀರಿನಲ್ಲಿ ಹೀಗೆ ಹೆಚ್ಚಾಗಿರುವ ಶಾಖ ಸುಮಾರು ೮೪ ಕಿಲೋಜೌಲು. ಒಂದು ಗ್ರಾಂ ನೀರನ್ನು ಹಬೆಯಾಗಿಸಲು ಸುಮಾರು ೨.೨೬ ಕಿಲೋಜೌಲು ಸಾಕು. ಅಂದರೆ ೩೭ ಗ್ರಾಂ ನೀರು ಕ್ಷಣಮಾತ್ರದಲ್ಲಿ ಹಬೆಯಾಗಿ ಅರವತ್ತು ಲೀಟರಿಗೂ ಮೀರಿದ ಸ್ಥಳವನ್ನು ಬಯಸುತ್ತದೆ. ಆ ಹಬೆಯು ಕುದಿನೀರನ್ನು ಮುಂದಕ್ಕೆ ತಳ್ಳಿಕೊಂಡು ತೆರೆದವನ ಮುಖಕ್ಕೇ ಹಾರುವುದು. ಇದು ಒಂದು ಲೀಟರಿನ ಲೆಕ್ಕ. ರೇಡಿಯೇಟರಿನಲ್ಲಿಯೂ ಎಂಜಿನ್ನಿನಲ್ಲಿಯೂ ಇರುವುದು ಹಲವು ಲೀಟರು. ಕನಿಷ್ಠ ಅರ್ಧ ಗಂಟೆ ಕಾದು, ಕೊಳವೆಯನ್ನು ಮುಟ್ಟಿದರೆ ತಣ್ಣಗಿರುವಾಗ ಮಾತ್ರ ಮುಚ್ಚಳಕ್ಕೆ ಕೈಯಿಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು: ಲೋಹವು ಒಂದೆಡೆ ಫಕ್ಕನೆ ಕುಗ್ಗಿ ಬಿರುಕು ಬಿಡಬಹುದು.

ಕಾಯುವ ಸಮಯವನ್ನು ಪರೀಕ್ಷೆಗೆ ಬಳಸಬಹುದು. ವಾಹನದ ಕೆಳಗೆ ನೀರು ಸೋರಿದೆಯೆ? ರಬ್ಬರಿನ ಕೊಳವೆ ಸೀಳಿದೆಯೆ? ಪಂಖವು ಸರಾಗವಾಗಿ ತಿರುಗುವುದೆ? ಇನ್ನೊಂದು ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ಅನೇಕ ಎಂಜಿನ್ನುಗಳಲ್ಲಿ ನೀರಿನ ಪಂಪನ್ನೂ ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರನ್ನೂ ಒಂದೇ ಬೆಲ್ಟು ತಿರುಗಿಸುತ್ತದೆ. ಬ್ಯಾಟರಿಯ ಕೆಂಪುದೀಪವು ಹೊತ್ತಿ, ಜೊತೆಯಲ್ಲಿಯೇ ಶಾಖದ ಮುಳ್ಳೂ ಏರಿದರೆ ಬೆಲ್ಟು ಕಡಿದಿರುವುದೆಂದು ಊಹಿಸಬಹುದು. ಎರಡು ರೋಗಗಳು ಒಟ್ಟಿಗೆ ಬಂದಾಗ ಅವುಗಳಿಗೆ ಸಮಾನವಾದ ಒಂದೇ ಮೂಲವನ್ನು ಹುಡುಕುವುದು ವೈದ್ಯನ ಕ್ರಮ. ಯಂತ್ರಕ್ಕೂ ಅದೇ ಕ್ರಮವು ಸಲ್ಲುತ್ತದೆ.

ಇಳಿಜಾರಿನ ಲೆಕ್ಕ

ಏರನ್ನು ಎಲ್ಲರೂ ಭಯಪಡುತ್ತಾರೆ, ಭಯಪಡಬೇಕಾದುದು ಇಳಿಜಾರಿಗೆ. ಉತ್ತರ ಇಟಲಿಯಲ್ಲಿ ಸ್ಟೆಲ್ವಿಯೋ ಎಂಬ ಪ್ರಸಿದ್ಧವಾದ ಬೆಟ್ಟದಾರಿಯಿದೆ. ೧೮೨೦ರಿಂದ ೧೮೨೫ರ ವರೆಗಿನ ಅವಧಿಯಲ್ಲಿ ನಿರ್ಮಿತವಾದ ಇದರ ನೆತ್ತಿಯು ಸಮುದ್ರಮಟ್ಟದಿಂದ ೨೭೫೭ ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪ್ರಾಟೋ ಎಂಬ ಊರಿನ ಕಡೆಗೆ ಇಳಿಯುವಾಗ ೪೮ ಹೇರ್‌ಪಿನ್ ತಿರುವುಗಳನ್ನು ದಾಟಬೇಕು. ಒಟ್ಟು ಇಳಿಕೆ ಸುಮಾರು ೧೮೦೦ ಮೀಟರ್.

೩೫೦೦ ಕಿಲೋಗ್ರಾಂ ತೂಕದ ಮೋಟಾರು-ಮನೆಯೊಂದು ಅಷ್ಟು ಇಳಿದಾಗ ಕಳೆದುಕೊಳ್ಳುವ ಶಕ್ತಿ ಸುಮಾರು ೬ ಕೋಟಿ ೧೭ ಲಕ್ಷ ಜೌಲು. ಗಂಟೆಗೆ ೭೨ ಕಿಲೋಮೀಟರ್ ವೇಗದಲ್ಲಿ ಓಡುವ ಅದೇ ವಾಹನವನ್ನು ಒಮ್ಮೆ ಪೂರ್ಣವಾಗಿ ನಿಲ್ಲಿಸಲು ತೆಗೆಯಬೇಕಾದ ಶಕ್ತಿ ೭ ಲಕ್ಷ ಜೌಲು. ಎಂದಮೇಲೆ ಈ ಒಂದು ಇಳಿಜಾರು ಅಂತಹ ೮೮ ನಿಲುಗಡೆಗಳಿಗೆ ಸಮ. ಬೇರೊಂದು ರೀತಿಯಲ್ಲಿ ಹೇಳುವುದಾದರೆ, ಈ ಶಕ್ತಿಯು ಸುಮಾರು ೧೮೦ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಗಾಳಿಯ ತಡೆಯೂ ಟೈರುಗಳ ಘರ್ಷಣೆಯೂ ಇದರಲ್ಲಿ ಒಂದು ಪಾಲನ್ನು ಹೊರುವುವು. ಉಳಿದುದನ್ನು ಬ್ರೇಕೇ ಹೊರಬೇಕಾದರೆ ನಾಲ್ಕು ಗಾಲಿಗಳ ಕಬ್ಬಿಣದ ಬಿಲ್ಲೆಗಳು ಅತಿಯಾಗಿ ಕಾಯದೆ ವಿಧಿಯಿಲ್ಲ.

ಕಾದ ಬ್ರೇಕಿನಲ್ಲಿ ಎರಡು ಬಗೆಯ ಕೇಡು ಹುಟ್ಟುತ್ತದೆ. ಮೊದಲನೆಯದು, ಘರ್ಷಣೆಯ ಪಟ್ಟಿಗಳು ಹಿಡಿತವನ್ನು ಕಳೆದುಕೊಳ್ಳುವುದು. ಆಗ ಪೆಡಲು ಗಟ್ಟಿಯಾಗಿಯೇ ಇರುತ್ತದೆ, ವಾಹನ ಮಾತ್ರ ನಿಧಾನವಾಗದು. ಸುಟ್ಟ ವಾಸನೆಯೂ ಬರುವುದು. ಎರಡನೆಯದು ಇನ್ನೂ ಘೋರವಾದುದು. ಕಾಲಿನ ಒತ್ತಡವನ್ನು ಗಾಲಿಗೆ ಒಯ್ಯುವ ಬ್ರೇಕಿನ ದ್ರವವು ಗಾಳಿಯಿಂದ ತೇವವನ್ನು ಹೀರುವ ಸ್ವಭಾವದ್ದು. ಡಾಟ್-೪ ಎಂಬ ದರ್ಜೆಯ ಹೊಸ ದ್ರವವು ೨೩೦ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಕೂಡದೆಂದು ನಿಯಮವಿದೆ. ಅದರಲ್ಲಿ ನೂರಕ್ಕೆ ಸುಮಾರು ೩.೭ರಷ್ಟು ನೀರು ಸೇರಿದಾಗ ಈ ಮಿತಿಯು ೧೫೫ ಡಿಗ್ರಿಗೆ ಇಳಿಯುತ್ತದೆ. ದ್ರವವು ಕುದಿದರೆ ಕೊಳವೆಯಲ್ಲಿ ಹಬೆಯ ಗುಳ್ಳೆಗಳು ಏಳುವುವು. ದ್ರವವನ್ನು ಅದುಮಿ ಕುಗ್ಗಿಸಲಾಗದು, ಹಬೆಯನ್ನು ಅದುಮಬಹುದು. ಆದುದರಿಂದ ಕಾಲಿನ ಒತ್ತಡವೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ಪೆಡಲು ನೆಲಕ್ಕಿಳಿಯುತ್ತದೆ. ಗಾಲಿಗೆ ಏನೂ ತಲಪದು. ವರ್ಷದಲ್ಲಿ ಬಹುಕಾಲ ನಿಂತೇ ಇರುವ ಮೋಟಾರು-ಮನೆಯಲ್ಲಿ, ಹೆಚ್ಚು ಓಡಿಲ್ಲವೆಂಬ ಕಾರಣದಿಂದ ಈ ದ್ರವವನ್ನು ಬದಲಾಯಿಸದೆ ಬಿಡುವರು. ತೇವಕ್ಕೆ ಮೈಲಿಯ ಲೆಕ್ಕವಿಲ್ಲ, ಕಾಲದ ಲೆಕ್ಕವೇ ಉಂಟು. ಎರಡು ವರ್ಷಗಳಿಗೊಮ್ಮೆ ಬದಲಾಯಿಸುವುದು ಒಳ್ಳೆಯ ಪದ್ಧತಿ.

ಪರಿಹಾರವೇನು? ಇಳಿಯತೊಡಗುವ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನಿಂದಲೇ ವೇಗವನ್ನು ತಡೆಯಬೇಕು. ಆಗ ಶಕ್ತಿಯ ದೊಡ್ಡ ಪಾಲು ಬ್ರೇಕಿನ ಬದಲು ಎಂಜಿನ್ನಿನಲ್ಲಿ ವ್ಯಯವಾಗುವುದು. ಬ್ರೇಕನ್ನು ಮೃದುವಾಗಿ ಸದಾ ಒತ್ತಿ ಹಿಡಿಯದೆ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗವನ್ನು ತಗ್ಗಿಸಿ ಬಿಟ್ಟುಬಿಡಬೇಕು. ಬಿಟ್ಟಾಗಲೇ ಗಾಳಿ ಅದನ್ನು ತಣಿಸುವುದು. ವಾಸನೆ ಬಂದರೆ ನಿಲ್ಲಿಸಿ ತಾನಾಗಿ ಆರಲು ಬಿಡಬೇಕಲ್ಲದೆ ನೀರು ಎರಚಕೂಡದು. ಆಲ್ಪ್ಸ್ ಪರ್ವತಕ್ಕೆ ಒಪ್ಪುವ ಈ ಮಾತು ನಮ್ಮ ಚಾರ್ಮಾಡಿ ಘಟ್ಟಕ್ಕೂ ಅಷ್ಟೇ ಒಪ್ಪುತ್ತದೆ.

ಗಾಲಿ ಬದಲಾಯಿಸುವಾಗ

ಗಾಳಿ ಕಡಿಮೆಯಿರುವ ಟೈರು ಪ್ರತಿ ಸುತ್ತಿಗೂ ಹೆಚ್ಚಾಗಿ ಬಾಗಿ ನೆಟ್ಟಗಾಗುತ್ತದೆ, ಬಾಗುವಿಕೆಯು ಶಾಖವಾಗುತ್ತದೆ, ಶಾಖವು ರಬ್ಬರನ್ನೂ ಅದರ ಒಳಪದರಗಳನ್ನೂ ಬೇರ್ಪಡಿಸುತ್ತದೆ. ಮೋಟಾರು-ಮನೆಯ ಟೈರುಗಳು ಸವೆಯುವ ಮೊದಲೇ ಮುಪ್ಪಾಗುವುದು ಸಾಮಾನ್ಯ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳು ಅದು ಹುಟ್ಟಿದ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ: ೨೩೧೯ ಎಂದಿದ್ದರೆ ೨೦೧೯ರ ಇಪ್ಪತ್ತಮೂರನೆಯ ವಾರ.

ಗಾಲಿಯನ್ನು ಬದಲಾಯಿಸುವ ಮೊದಲು ಮನೆಯೊಳಗಿನವರೆಲ್ಲರೂ ಹೊರಗೆ, ರಸ್ತೆಯಿಂದ ದೂರ ನಿಲ್ಲಬೇಕು. ಕೈಬ್ರೇಕು ಸಾಮಾನ್ಯವಾಗಿ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುವುದು. ಅವುಗಳಲ್ಲಿ ಒಂದನ್ನು ಎತ್ತಿದೊಡನೆ ಅದರ ಹಿಡಿತ ಅರ್ಧಕ್ಕಿಳಿಯುವುದು. ಆದುದರಿಂದ ಎದುರುಕೋನದ ಗಾಲಿಗೆ ಎರಡೂ ಕಡೆಯಿಂದ ಅಡ್ಡಗಟ್ಟೆ ಇಡಬೇಕು. ನಟ್ಟುಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿ, ಮರಳಿ ಹಾಕುವಾಗ ಎದುರುಬದುರಾಗಿ ಬಿಗಿಯಬೇಕು. ಸುಮಾರು ಐವತ್ತು ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಜಾಕಿಯ ಮೇಲಷ್ಟೇ ನಿಂತ ವಾಹನದ ಕೆಳಗೆ ಯಾರೂ, ಯಾವ ಕಾರಣಕ್ಕೂ ತೂರಕೂಡದು. ಜಾಕಿಯು ಎತ್ತುವುದಕ್ಕೆ ಇರುವ ಸಾಧನ, ಹೊರುವುದಕ್ಕಲ್ಲ.

ವಿದ್ಯುತ್ತು ಮತ್ತು ಗ್ಯಾಸು

ಅಲ್ಪ ಬೆಲೆಯ ವೋಲ್ಟ್‌ಮಾಪಕವೊಂದು ವೈದ್ಯನ ನಾಡಿಪರೀಕ್ಷೆಯಂತೆ ಉಪಕಾರಿ. ಎಂಜಿನ್ ನಿಂತು ಕೆಲವು ಗಂಟೆಗಳಾದಾಗ ಪೂರ್ಣ ತುಂಬಿದ ಸೀಸ-ಆಮ್ಲ ಬ್ಯಾಟರಿಯು ಸುಮಾರು ೧೨.೭ ವೋಲ್ಟು ತೋರಿಸುವುದು. ೧೨ಕ್ಕೆ ಇಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಎಂಜಿನ್ ಓಡುವಾಗ ೧೪ರ ಸುತ್ತಮುತ್ತ ಇರಬೇಕು. ಏರದೆ ಹಿಂದಿನಂತೆಯೇ ಉಳಿದರೆ ದೋಷವು ಬ್ಯಾಟರಿಯದಲ್ಲ. ಬೆಲ್ಟು, ಆಲ್ಟರ್ನೇಟರು, ಇಲ್ಲವೆ ನಡುವಣ ತಂತಿಯದು. ಈ ಪರೀಕ್ಷೆಯನ್ನು ಮಾಡದೆ ಹೊಸ ಬ್ಯಾಟರಿಯನ್ನು ಕೊಂಡು, ಮರುದಿನ ಅದನ್ನೂ ಬರಿದುಮಾಡಿಕೊಳ್ಳುವವರುಂಟು.

ಫ್ಯೂಸು ಸುಟ್ಟಾಗ ಅದಕ್ಕಿಂತ ದಪ್ಪನಾದುದನ್ನು ಹಾಕುವುದು ಮಹಾಪರಾಧ. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ಪ್ರವಾಹದ ವರ್ಗದಷ್ಟು ಏರುತ್ತದೆ. ೧೫ ಆಂಪಿಯರಿನ ಜಾಗದಲ್ಲಿ ೩೦ ಆಂಪಿಯರಿನ ಫ್ಯೂಸನ್ನು ಹಾಕಿದರೆ ತಂತಿಯಲ್ಲಿ ನಾಲ್ಕು ಪಟ್ಟು ಶಾಖ ಹುಟ್ಟಲು ನಾವೇ ಅನುಮತಿ ಕೊಟ್ಟಂತಾಯಿತು. ಆ ತಂತಿಯಾದರೋ ಮಲಗುವ ಮಂಚದ ಕೆಳಗೆ, ಮರದ ಗೋಡೆಯ ಒಳಗೆ ಹಾದುಹೋಗಿರುತ್ತದೆ.

ಯಾವ ರಿಪೇರಿಯನ್ನು ತೊಡಗುವ ಮುನ್ನವೂ ಗ್ಯಾಸಿನ ಸಿಲಿಂಡರನ್ನು ಮುಚ್ಚಿರಬೇಕು. ಪ್ರೊಪೇನ್, ಬ್ಯುಟೇನ್ ಎರಡೂ ಗಾಳಿಗಿಂತ ಭಾರವಾದ ಅನಿಲಗಳು. ಸೋರಿದರೆ ನೆಲದ ಮೇಲೆ ನೀರಿನಂತೆ ಹರಡುವುವು. ನೆಲದಲ್ಲಿರುವ ಗಾಳಿಕಿಂಡಿಗಳನ್ನು ಚಳಿಗೆಂದು ಮುಚ್ಚುವುದು ಈ ಕಾರಣದಿಂದ ಅಪಾಯಕರ. ಸೋರುವಿಕೆಯನ್ನು ಸಾಬೂನಿನ ನೊರೆಯಿಂದ ಕಂಡುಹಿಡಿಯಬೇಕು, ಬೆಂಕಿಕಡ್ಡಿಯಿಂದಲ್ಲ. ಒಲೆಯನ್ನು ಉರಿಸಿ ಒಳಗನ್ನು ಬೆಚ್ಚಗಾಗಿಸಿಕೊಂಡು ಮಲಗುವುದೂ ಸಲ್ಲದು. ಅರೆಯುರಿದ ಇಂಧನದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ಅದು ಎಚ್ಚರಿಕೆ ಕೊಡದು.

ಎಲ್ಲಿ ನಿಲ್ಲಬೇಕು

ಅಮೆರಿಕದಲ್ಲಿ ೧೯೯೬ರ ಮಾದರಿಗಳಿಂದ ಕಾರುಗಳಲ್ಲಿ ದೋಷಸಂಕೇತಗಳನ್ನು ಓದಬಲ್ಲ ಏಕರೂಪದ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ ಪೆಟ್ರೋಲು ಕಾರುಗಳಿಗೆ ೨೦೦೧ರಿಂದ. ಅಂಗೈಯಗಲದ ಉಪಕರಣವೊಂದರಿಂದ ಪ್ರಯಾಣಿಕನೇ ಸಂಕೇತವನ್ನು ಓದಬಹುದು. ಆದರೆ ಸಂಕೇತವು ಲಕ್ಷಣವನ್ನು ಹೇಳುವುದೇ ಹೊರತು ಕೆಟ್ಟ ಭಾಗವನ್ನಲ್ಲ. ಜ್ವರವಿದೆಯೆಂದು ತಿಳಿದ ಮಾತ್ರಕ್ಕೆ ರೋಗವು ತಿಳಿದಂತಾಗದು.

ಬೆಲ್ಟು, ಕೊಳವೆ, ಫ್ಯೂಸು, ದೀಪ, ಗಾಲಿ ಇವು ಪ್ರಯಾಣಿಕನ ಕೈಗೆ ಎಟಕುವ ಕೆಲಸಗಳು. ಬ್ರೇಕಿನ ಕೊಳವೆ, ಸ್ಟಿಯರಿಂಗು, ಗ್ಯಾಸಿನ ಜೋಡಣೆ ಇವು ನಿಪುಣರಿಗೆ ಸೇರಿದವು. ಮೊದಲ ಗುಂಪಿನಲ್ಲಿ ನಾವು ತಪ್ಪಿದರೆ ವಾಹನ ನಿಲ್ಲುತ್ತದೆ. ಎರಡನೆಯ ಗುಂಪಿನಲ್ಲಿ ತಪ್ಪಿದರೆ ನಿಲ್ಲಬೇಕಾದಾಗ ವಾಹನ ನಿಲ್ಲದು, ಇಲ್ಲವೆ ಮನೆಗೇ ಬೆಂಕಿ ತಗಲುವುದು. ಈ ಭೇದವನ್ನು ನೆನಪಿಟ್ಟರೆ ಉಳಿದುದೆಲ್ಲ ತಾನಾಗಿ ಹೊಳೆಯುವುದು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಿದೆ. ಹೊರಡುವ ಬೆಳಗ್ಗೆ ಹತ್ತು ನಿಮಿಷ ಟೈರಿನ ಗಾಳಿ, ಎಣ್ಣೆಯ ಮಟ್ಟ, ನೀರು, ಬೆಲ್ಟು, ಬ್ರೇಕಿನ ದ್ರವ ಇವಿಷ್ಟನ್ನು ನೋಡಿ, ಕಂಡುದನ್ನು ಪುಸ್ತಕದಲ್ಲಿ ಬರೆದಿಡುವವನಿಗೆ ದಾರಿಯ ರಿಪೇರಿ ಅಪರೂಪವಾಗುತ್ತದೆ. ನೀರಿನ ಮಟ್ಟ ವಾರದಿಂದ ವಾರಕ್ಕೆ ಬೆರಳಷ್ಟು ಇಳಿಯುತ್ತಿರುವುದನ್ನು ಆ ಪುಸ್ತಕವು ತೋರಿಸಿಕೊಟ್ಟರೆ, ಕುದಿಯಲಿದ್ದ ಎಂಜಿನ್ನಿಗೆ ಊರಿನಲ್ಲಿಯೇ ಚಿಕಿತ್ಸೆ ದೊರೆಯುವುದು.