ವ್ಯಾಪಾರಿ ಪತ್ರಗಳಲ್ಲಿ ಕೋಲನ್ ಬಳಕೆ

ವಾಣಿಜ್ಯ ಪತ್ರವ್ಯವಹಾರದಲ್ಲಿ ಅಂಕಿಗಳ ಬಗ್ಗೆ ವಹಿಸುವಷ್ಟು ಎಚ್ಚರವನ್ನು ಲೇಖನ ಚಿಹ್ನೆಗಳ ಬಗ್ಗೆ ವಹಿಸುವವರು ವಿರಳ. ಒಂದರ ಮೇಲೊಂದು ಎರಡು ಚುಕ್ಕಿಗಳುಳ್ಳ ಕೋಲನ್ನನ್ನು ಕನ್ನಡ ವ್ಯಾಕರಣವು ವಿವರಣಾತ್ಮಕ ಚಿಹ್ನೆ ಎಂದು ಕರೆಯುತ್ತದೆ. ಮುಂದೆ ವಿವರಣೆ ಅಥವಾ ಪಟ್ಟಿ ಬರಲಿದೆ ಎಂದು ಸೂಚಿಸುವುದು ಇದರ ಮುಖ್ಯ ಕಾರ್ಯ.

ಇದರ ಮಹತ್ವವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಕೊಟೇಷನ್ ಒಂದರಲ್ಲಿ ಹೀಗಿದೆ: “ದರದಲ್ಲಿ ಸೇರಿರುವುದು ಪ್ಯಾಕಿಂಗ್, ಲಾರಿ ಬಾಡಿಗೆ, ವಿಮೆ, ಜಿಎಸ್‌ಟಿ ಪ್ರತ್ಯೇಕ.” ಜಿಎಸ್‌ಟಿ ಮಾತ್ರ ಪ್ರತ್ಯೇಕವೆಂದು ಖರೀದಿದಾರನು ಓದಿಕೊಳ್ಳುತ್ತಾನೆ, ಪ್ಯಾಕಿಂಗ್ ಹೊರತು ಉಳಿದುದೆಲ್ಲವೂ ಪ್ರತ್ಯೇಕವೆಂದು ಮಾರಾಟಗಾರನು ವಾದಿಸುತ್ತಾನೆ. ಸರಕು ಬಂದಿಳಿದ ಮೇಲೆ ಲಾರಿ ಬಾಡಿಗೆಯನ್ನು ಯಾರು ಭರಿಸಬೇಕೆಂಬ ವಿವಾದಕ್ಕೆ ಇಷ್ಟೇ ಸಾಕು. ಅದನ್ನೇ ಹೀಗೆ ಬರೆದರೆ ಸಂದೇಹಕ್ಕೆ ಎಡೆಯಿಲ್ಲ: “ದರದಲ್ಲಿ 3 ವೆಚ್ಚಗಳು ಸೇರಿವೆ: ಪ್ಯಾಕಿಂಗ್, ಲಾರಿ ಬಾಡಿಗೆ, ವಿಮೆ. ಜಿಎಸ್‌ಟಿ ಪ್ರತ್ಯೇಕ.”

ಗಮನಿಸಬೇಕಾದ ಅಂಶಗಳು ಇಂತಿವೆ:

1. ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಆದುದರಿಂದ ಪಟ್ಟಿಗೆ ಮೊದಲೇ ವಾಕ್ಯವನ್ನು ಪೂರ್ಣಗೊಳಿಸಿ ಕೋಲನ್ ಹಾಕಬೇಕು. “ಕಳುಹಿಸಿದ ಸರಕುಗಳು: ಅಕ್ಕಿ, ಬೇಳೆ, ಸಕ್ಕರೆ ಆಗಿರುತ್ತವೆ” ಎಂಬುದು ಸರಿಯಲ್ಲ. “ಅಕ್ಕಿ, ಬೇಳೆ, ಸಕ್ಕರೆಗಳನ್ನು ಕಳುಹಿಸಲಾಗಿದೆ” ಎಂದು ಬರೆಯುವುದಾದರೆ ಕೋಲನ್ನಿನ ಅಗತ್ಯವೇ ಇಲ್ಲ.

2. ಪಟ್ಟಿ ಸಮಗ್ರವೇ ಅಲ್ಲವೇ ಎಂಬುದನ್ನು ಕೋಲನ್ ತಿಳಿಸಲಾರದು. ಕರಾರಿನ ಷರತ್ತುಗಳಲ್ಲಿ ಬಾಬುಗಳ ಸಂಖ್ಯೆಯನ್ನಾಗಲಿ “ಮಾತ್ರ” ಎಂಬ ಪದವನ್ನಾಗಲಿ ಸೇರಿಸುವುದು ಕ್ಷೇಮಕರ. “ಇತ್ಯಾದಿ” ಎಂಬುದು ತಕರಾರಿಗೆ ದಾರಿಯಾದೀತು.

3. ವಿಷಯ, ಉಲ್ಲೇಖ, ದಿನಾಂಕ ಎಂಬ ಶೀರ್ಷಿಕೆಗಳ ಮುಂದೆ ಕೋಲನ್ ಸಲ್ಲುತ್ತದೆ. ಅದಕ್ಕೆ ಅಡ್ಡಗೆರೆಯನ್ನೂ ಜೋಡಿಸುವುದು ಹಳೆಯ ರೂಢಿ. ಇಂದು ಅದು ಅನಗತ್ಯ.

4. “ಮಾನ್ಯರೇ” ಎಂಬ ಸಂಬೋಧನೆಯ ಮುಂದೆ ಅಲ್ಪವಿರಾಮವಿರುತ್ತದೆ. ಅಮೆರಿಕದ ವ್ಯಾಪಾರಿ ಪತ್ರಗಳಲ್ಲಿ ಈ ಸ್ಥಾನದಲ್ಲಿ ಕೋಲನ್ ಬಳಸುತ್ತಾರೆ. ಆ ದೇಶದೊಂದಿಗೆ ಇಂಗ್ಲಿಷಿನಲ್ಲಿ ಪತ್ರ ವ್ಯವಹರಿಸುವ ರಫ್ತುದಾರರು ಇದನ್ನು ತಿಳಿದಿರುವುದು ಒಳಿತು.

5. ಪ್ರಮಾಣವನ್ನು ಸೂಚಿಸುವಾಗ ಅಂಕಿಗಳ ನಡುವೆ ತೆರಪು ಬಿಡಬಾರದು. ಕಾಂಕ್ರೀಟ್ ಮಿಶ್ರಣದಲ್ಲಿ 1:2:4 ಎಂದರೆ ಸಿಮೆಂಟ್ 1 ಪಾಲು, ಮರಳು 2 ಪಾಲು, ಜಲ್ಲಿ 4 ಪಾಲು.

6. “ಪುನಃ”, “ಸ್ವತಃ” ಮುಂತಾದ ಪದಗಳ ವಿಸರ್ಗದ ಬದಲು ಕೋಲನ್ ಒತ್ತುವುದು ಬೆರಳಚ್ಚಿನಲ್ಲಿ ಸಾಮಾನ್ಯವಾದ ತಪ್ಪು. ಕಣ್ಣಿಗೆ ಇವೆರಡೂ ಬಹುಮಟ್ಟಿಗೆ ಒಂದೇ ಆಗಿ ತೋರಿದರೂ ಯೂನಿಕೋಡ್‌ನಲ್ಲಿ ಅವುಗಳ ಸಂಕೇತಗಳು ಬೇರೆ ಬೇರೆ. ಹಾಗಾಗಿ ಗಣಕದಲ್ಲಿ ಕಡತವನ್ನು ಹುಡುಕುವಾಗ ಅಂತಹ ಪದ ದೊರೆಯದೆ ಹೋಗಬಹುದು.

ಅಭ್ಯಾಸಕ್ಕಾಗಿ ಈ ವಾಕ್ಯವನ್ನು ತಿದ್ದಬಹುದು: “ಪಾವತಿಯು: ಮುಂಗಡ, ಸರಕು ತಲುಪಿದಾಗ, 30 ದಿನಗಳಲ್ಲಿ ಬಾಕಿ ಎಂದು ಇರುತ್ತದೆ.”

ತಿದ್ದಿದ ರೂಪ: “ಪಾವತಿಗೆ 3 ಕಂತುಗಳಿವೆ: ಆರ್ಡರಿನೊಂದಿಗೆ ಮುಂಗಡ, ಸರಕು ತಲುಪಿದಾಗ ಎರಡನೆಯ ಕಂತು, ತಲುಪಿದ 30 ದಿನಗಳೊಳಗೆ ಬಾಕಿ ಮೊತ್ತ.”

ಸಹಿ ಹಾಕುವ ಮುನ್ನ ಪತ್ರದಲ್ಲಿನ ಪ್ರತಿ ಕೋಲನ್ನಿನ ಹಿಂದಿನ ಮಾತು ಪೂರ್ಣವಾಗಿದೆಯೇ, ಮುಂದಿನ ಪಟ್ಟಿ ಎಲ್ಲಿ ಮುಗಿಯುತ್ತದೆ ಎಂದು ಪರಿಶೀಲಿಸುವುದು ಸೂಕ್ತ. ಈ ಒಂದು ನಿಮಿಷದ ಶ್ರಮವು ಮುಂದಿನ ಅನೇಕ ತಕರಾರುಗಳನ್ನು ತಪ್ಪಿಸಬಲ್ಲದು.