ಕಾಲು ಕೊಡದ ಕುದುರೆ: ಲಾಯಕ್ಕೆ ಹೊಸದಾಗಿ ಸೇರಿದವನಿಗೆ ಕಿವಿಮಾತು

ಮಗಾ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿಕೊಂಡು ಬಂದ ಊರು ನಮ್ಮ ಕುಣಿಗಲ್. ನೀನು ಇಲ್ಲಿ ರೇಸ್ ಕುದುರೆ ನೋಡಿಕೊಂಡರೂ ಅಷ್ಟೆ, ತುಮಕೂರಿನಲ್ಲಿ ಮದುವೆ ಮೆರವಣಿಗೆಯ ಕುದುರೆ ಸಾಕಿದರೂ ಅಷ್ಟೆ, ಒಂದಲ್ಲ ಒಂದು ದಿನ ಕುದುರೆ ಕಾಲು ಕೊಡಲ್ಲ ಅನ್ನುತ್ತದೆ. ಪಕ್ಕದಲ್ಲಿ ನಿಂತವರು "ಮೊಂಡು ಕಣೋ, ಎರಡು ಬಿಡು" ಅನ್ನುತ್ತಾರೆ. ಕೈ ಎತ್ತಬೇಡ. ಅದು ಯಾಕೆ ಕೊಡುತ್ತಿಲ್ಲ ಅಂತ ಹುಡುಕು.

• ಗುಬ್ಬಿ ಕಡೆ ಎತ್ತಿಗೆ ಲಾಳ ಕಟ್ಟುವುದನ್ನು ನೋಡಿರುತ್ತೀಯ. ಎತ್ತನ್ನು ಕೆಡವಿ, ಕಾಲು ಬಿಗಿದು ಮೊಳೆ ಹೊಡೆಯುತ್ತಾರೆ. ಕುದುರೆಯದು ಹಾಗಲ್ಲ, ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ತಾನಾಗಿ ನಮ್ಮ ಕೈಗೆ ಕೊಡಬೇಕು. ಅದಕ್ಕೇ ಮೊದಲು ನೆಲ ನೋಡು. ತೊಳೆದ ಚಪ್ಪಡಿ ಮೇಲೆ, ಇಳಿಜಾರಿನಲ್ಲಿ ನಿಲ್ಲಿಸಿ ಕಾಲು ಕೇಳಿದರೆ ಬೀಳುವ ಭಯಕ್ಕೇ ಕೊಡುವುದಿಲ್ಲ.

• ಇದೊಂದನ್ನು ಚೆನ್ನಾಗಿ ನೆನಪಿಟ್ಟುಕೋ: ಎತ್ತದ ಕಾಲೇ ನೋಯುತ್ತಿದೆ ಅಂದುಕೊಳ್ಳಬೇಡ. ದೊಡ್ಡ ಕುದುರೆ ಸುಮಾರು 500 ಕಿಲೋ ತೂಗುತ್ತದೆ, ಅದರಲ್ಲಿ ನೂರಕ್ಕೆ 60 ಪಾಲು ಮುಂಗಾಲುಗಳ ಮೇಲಿರುತ್ತದೆ. ಬಲಗಾಲು ಎತ್ತಿದ ಕೂಡಲೇ ಆ ಭಾರ ಹೆಚ್ಚುಕಡಿಮೆ ಎಡಗಾಲಿಗೇ ಬೀಳುತ್ತದೆ. ಎಡಗೊರಸಿನೊಳಗೆ ಕೀವು ತುಂಬಿದ್ದರೆ ಬಲಗಾಲನ್ನು ಅದು ಹೇಗೆ ಕೊಟ್ಟೀತು? ನಾಲ್ಕು ಕಾಲನ್ನೂ ಒಂದೊಂದಾಗಿ ಕೇಳಿ ನೋಡು. ಎಡಗಾಲನ್ನು ಸಲೀಸಾಗಿ ಕೊಟ್ಟು, ಬಲಗಾಲಿಗೆ ಮಾತ್ರ ತಕರಾರು ಮಾಡಿದರೆ, ಎಡಗೊರಸನ್ನೇ ಮೊದಲು ಪರೀಕ್ಷಿಸು. ಎರಡು ಮುಂಗಾಲನ್ನೂ ಕೊಡದೆ, ಅವನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಂತಿದ್ದರೆ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಪದರದ ಉರಿಯೂತ, ಇರಬಹುದು. ಆಗ ಕಾಲು ಎತ್ತಿಸುವ ಪ್ರಯತ್ನವನ್ನೇ ಬಿಡು, ನಡೆಸಲೂ ಬೇಡ.

• ಅಂಗೈಯ ಹಿಂಭಾಗವನ್ನು ಗೊರಸಿಗೆ ತಾಗಿಸಿ ಬಿಸಿ ನೋಡು. ನಾಲ್ಕನ್ನೂ ಹೋಲಿಸಿ ನೋಡಬೇಕು. ಬಿಸಿಲಲ್ಲಿ ನಿಂತ ಕುದುರೆಯ ಗೊರಸು ಹೇಗೂ ಬೆಚ್ಚಗಿರುತ್ತದೆ. ಆಮೇಲೆ ಗೊರಸಿನ ಮೇಲಿನ ಗೆಣ್ಣಿನ ಹಿಂದೆ, ಎರಡು ಪಕ್ಕಕ್ಕೂ ಬೆರಳಿಟ್ಟು ನಾಡಿ ಹುಡುಕು. ಆರೋಗ್ಯವಾಗಿದ್ದಾಗ ಅದು ಸಿಗುವುದೇ ಕಷ್ಟ. ಡಬಡಬ ಬಡಿಯುತ್ತಿದ್ದರೆ ಒಳಗೆ ಉರಿ ಇದೆ. ಕುದುರೆ ಚೆನ್ನಾಗಿರುವಾಗಲೇ ದಿನಾ ಮುಟ್ಟಿ ರೂಢಿ ಮಾಡಿಕೋ, ಆಗ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

• ಈದ ಕುದುರೆಯ ಮೇಲೆ ಎರಡು ಕಣ್ಣಿರಲಿ. ಈದ ಮೂರು ಗಂಟೆಯೊಳಗೆ ಮಾಸು ಬೀಳದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಒಳಗೆ ಉಳಿದ ಮಾಸಿನ ನಂಜು ಗೊರಸಿಗೆ ಇಳಿಯುತ್ತದೆ. ಕಾಳಿನ ಮೂಟೆಗೆ ಬಾಯಿ ಹಾಕಿ ಹೊಟ್ಟೆ ಬಿರಿಯ ತಿಂದ ಕುದುರೆಗೂ ಇದೇ ಗಂಡಾಂತರ. ಕಾಲು ಕೊಡುವುದಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

• ಮುದಿ ಕುದುರೆಗೆ ಕೀಲು ಹಿಡಿದಿರುತ್ತದೆ. ಕಾಲನ್ನು ಮೇಲಕ್ಕೆ, ಹೊರಕ್ಕೆ ಎಳೆಯಬೇಡ. ಹೊಟ್ಟೆಯ ಅಡಿಗೇ, ಕೆಳಮಟ್ಟದಲ್ಲೇ ಹಿಡಿದು ಬೇಗ ಬಿಡು. ಎಳೆಯದಕ್ಕೂ ಹೊರಕ್ಕೆ ಎಳೆದರೆ ಭುಜ ನೋಯುತ್ತದೆ.

• ನಿನ್ನೆ ಲಾಳ ಹೊಡೆಸಿ ಇವತ್ತು ತಕರಾರು ಶುರುವಾದರೆ, ಮೊಳೆ ಜೀವದ ಭಾಗಕ್ಕೆ ಹತ್ತಿರ ಹೋಗಿರಬಹುದು. ಲಾಳ ಹೊಡೆದವರನ್ನೇ ಕರೆಸಿ ಒಂದೊಂದೇ ಮೊಳೆ ಕೀಳಿಸಿ ನೋಡು. ದಾರಿಯಲ್ಲಿ ಚುಚ್ಚಿಕೊಂಡ ಮೊಳೆಯಾದರೆ ಮಾತ್ರ ನೀನಾಗಿ ಕೀಳಬೇಡ. ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗಿದೆ ಅಂತ ಡಾಕ್ಟರು ನೋಡಬೇಕು. ಟೆಟನಸ್ ಇಂಜೆಕ್ಷನ್ ವಿಷಯ ಮರೆಯದೆ ಕೇಳು.

• ಮಳೆಗಾಲದಲ್ಲಿ ಗೊರಸಿನ ಅಡಿ ಕಪ್ಪಗೆ ಕೊಳೆತು ನಾರುತ್ತದೆ. ಗಂಜಲದಲ್ಲಿ ನಿಲ್ಲಿಸಬೇಡ.

• ಇಷ್ಟೆಲ್ಲ ನೋಡಿ ನೋವಿಲ್ಲ ಅಂತಾದ ಮೇಲೆ ಭಯದ ಮಾತು. ನಿನಗೆ ಕಾಲು ಕೊಟ್ಟು, ಲಾಳದ ಪೆಟ್ಟಿಗೆ ಕಂಡೊಡನೆ ಕಿವಿ ಹಿಂದಕ್ಕೆ ಮಡಿಸಿ ನಡುಗಿದರೆ ಹಿಂದೆ ಯಾರೋ ಹೊಡೆದಿರಬಹುದು. ಬರೀ ಕೈಯಿಂದ ಶುರು ಮಾಡು. ಭುಜದಿಂದ ಕೈ ಇಳಿಸುತ್ತಾ ಬಾ, ಭಾರ ಆಚೆ ಬದಿಗೆ ಸರಿದ ಮೇಲೆ ಕಾಲು ಕೇಳು, ಒಂದು ಕ್ಷಣ ಹಿಡಿದು, ಅದು ಕಿತ್ತುಕೊಳ್ಳುವ ಮೊದಲೇ ನೀನೇ ಮೆಲ್ಲಗೆ ಇಳಿಸು. ದಿನಾ ಇಷ್ಟೇ ಸಾಕು. ಮರಿಗಳಿಗಾದರೆ ಹುಟ್ಟಿದ ಮೊದಲ ದಿನಗಳಿಂದಲೇ ಕಾಲು ಮುಟ್ಟಿಸಿಕೊಳ್ಳುವ ಅಭ್ಯಾಸ ಮಾಡಿಸು. ಈ ಕೆಲಸದಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಬೇರೊಂದಿಲ್ಲ.

• ಓಡಿ ಬಂದ ಕುದುರೆ ಬೆವರುತ್ತಾ, ಹಿಂದಿನ ತೊಡೆ ಗಟ್ಟಿಯಾಗಿ, ಕಪ್ಪು ಉಚ್ಚೆ ಹೊಯ್ದರೆ ಒಂದು ಹೆಜ್ಜೆಯೂ ನಡೆಸಬೇಡ. ಡಾಕ್ಟರನ್ನೇ ಅಲ್ಲಿಗೆ ಕರೆಸು; ಯಾರೂ ಸಿಗದಿದ್ದರೆ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಫೋನ್ ಮಾಡು. ಯಾವ ಕಾಲು, ಯಾವಾಗಿನಿಂದ, ಏನು ತಿಂದಿತ್ತು, ಲಾಳ ಹೊಡೆಸಿ ಎಷ್ಟು ದಿನವಾಯಿತು, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಮಾತಾಡು. ಗಾಬರಿಯಲ್ಲಿ ಎಡ ಯಾವುದು, ಬಲ ಯಾವುದು ಅನ್ನುವುದೂ ತಪ್ಪಿಹೋಗುತ್ತದೆ.