ಮಂಗಳೂರಿಗೆ ಎರಡು ದಿನ, ಅತ್ತೆಯವರೊಂದಿಗೆ

ಹಾಸನದಿಂದ ಬರೆದ ಸಹೋದರಿಗೆ,

ಐದು ಜನ, ಬಿಗಿಯಾದ ಬಜೆಟ್ಟು, ಮಂಡಿನೋವಿನ ಅತ್ತೆ. ಆದರೂ ಧಾರಾಳವಾಗಿ ಹೋಗಿಬನ್ನಿ. ಬಾಡಿಗೆ ಕಾರಿನ ಯೋಚನೆ ಮಾತ್ರ ಬಿಡಿ, ದುಡ್ಡು ಸೋರುವುದೇ ಅಲ್ಲಿ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ನಿಮಗೂ ಅತ್ತೆಯವರಿಗೂ ಪ್ರಯಾಣ ಉಚಿತ. ಗುರುತಿನ ಚೀಟಿ ಮರೆಯಬೇಡಿ. ಮಂಗಳೂರಿನ ಸಿಟಿ ಬಸ್ಸುಗಳು ಬಹುಪಾಲು ಖಾಸಗಿ, ಅಲ್ಲಿ ಎಲ್ಲರಿಗೂ ಟಿಕೆಟ್ ಇದೆ. ಹಾಗಾಗಿ ರೂಮನ್ನು ಕಡಲ ದಡದಲ್ಲಿ ಹುಡುಕದೆ, ಬಸ್ಸುಗಳು ಹೊರಡುವ ಸ್ಟೇಟ್‌ಬ್ಯಾಂಕ್ ಅಥವಾ ಹಂಪನಕಟ್ಟೆ ಬಳಿ ಹಿಡಿಯಿರಿ.

ಶನಿವಾರ ಬೆಳಗ್ಗೆಯೇ ಪಿಲಿಕುಳದ ಮೃಗಾಲಯಕ್ಕೆ ಹೋಗಿ. ಅಲ್ಲಿ ನಡಿಗೆ ಜಾಸ್ತಿ. ಅತ್ತೆಯವರು ಕೆರೆಯ ಹತ್ತಿರ ಕೂತಿರಲಿ. ಮಧ್ಯಾಹ್ನದ ಸೆಕೆಯಲ್ಲಿ ಅಲೆಯುವುದು ಶುದ್ಧ ದಡ್ಡತನ. ಊಟ ಮುಗಿಸಿ ಮಲಗಿ. ಸಂಜೆ ಪಣಂಬೂರು ಕಡಲತೀರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ನೀರಿಗಿಳಿಸಲೇಬೇಡಿ. ಉಳಿದ ದಿನಗಳಲ್ಲೂ ಜೀವರಕ್ಷಕರು ಹೇಳಿದಷ್ಟೇ ದೂರ.

ಭಾನುವಾರ ಕದ್ರಿ ಮಂಜುನಾಥನ ಗುಡಿಗೆ ಹೋಗಿ. ಕ್ರಿ.ಶ. 968ರ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಅವಸರವಿಲ್ಲದೆ ನೋಡಿ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳ ತುಂಬ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳಿವೆ; ಭಾನುವಾರ ಪ್ರಾರ್ಥನೆಯ ಹೊತ್ತು ತಪ್ಪಿಸಿ ಹೋಗಿ.

ಹೋಟೆಲ್ ಆಯ್ಕೆಗೆ ತಲೆಕೆಡಿಸಿಕೊಳ್ಳಬೇಡಿ. ನೀರುದೋಸೆ, ಗೋಳಿಬಜೆ, ಮೀನೂಟ ಸಣ್ಣ ಹೋಟೆಲಿನಲ್ಲೇ ರುಚಿ. ಅಲ್ಲಿ ಉಳಿಸಿದ ದುಡ್ಡಿನಲ್ಲಿ ಮಕ್ಕಳಿಗೆ ಒಂದೊಂದು ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿ. ಅತ್ತೆಯವರಿಗೂ.